ಮೋರಿಯ ಹಸಿರು

ಬಣ್ಣ ಬಳಿಯುವವರ ಗುಂಪಿನಲ್ಲಿ ಅವಳನ್ನು ಎಲ್ಲರೂ ಚುಕ್ಕಿ ಎನ್ನುತ್ತಿದ್ದರು. ಎಷ್ಟು ತಿಕ್ಕಿ ತೊಳೆದರೂ ಮೂಗಿನ ತುದಿಯಲ್ಲೋ ಕಿವಿಯ ಹಿಂದೆಯೋ ನಿನ್ನೆಯ ಬಣ್ಣದ ಒಂದು ಚುಕ್ಕಿ ಉಳಿದೇ ಉಳಿಯುತ್ತಿತ್ತು. ಕಿರಿಯರು ಅದಕ್ಕೆ ಮರ್ಯಾದೆ ಸೇರಿಸಿ ಚುಕ್ಕಕ್ಕ ಮಾಡಿದ್ದರು.

ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಹೆಂಗಸರಿಗೆಂದು ಬಿಟ್ಟ ಕೆಲಸ. ಹಳೆ ಬಣ್ಣ ಕೆರೆಯುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಗೋಡೆಯ ಬಿರುಕು ಮುಚ್ಚಲು ಪುಟ್ಟಿ ಬಳಿಯುವುದು, ನೆಲಕ್ಕೆ ಬಿದ್ದ ಹನಿ ಒರೆಸುವುದು. ಕೊನೆಯ ಕೋಟು ಗಂಡಸರದು, ಮನೆಯವರ ಹೊಗಳಿಕೆಯೂ ಅವರದೇ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆಯೇನೋ ಇದೆ. ಈ ಕಸುಬಿನಲ್ಲಿ ಕೆಸರಾಗುವ ಕೈ ಒಬ್ಬರದು, ಮೊಸರು ತಿನ್ನುವ ಬಾಯಿ ಇನ್ನೊಬ್ಬರದು. ಆದರೆ ಬಣ್ಣ ಬೆರೆಸುವ ಹೊತ್ತು ಬಂತೆಂದರೆ ಎಲ್ಲ ಗಂಡಸರೂ ಡಬ್ಬ ಹಿಡಿದುಕೊಂಡು ಅವಳ ಹಿಂದೆ ಬರುತ್ತಿದ್ದರು.

ಬೆರೆಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ತಪ್ಪು ಕಲಿಸಿತ್ತು. ಶುರುವಿನಲ್ಲೊಮ್ಮೆ ಯಾರೋ ಒಬ್ಬರು ಚಿಗುರೆಲೆಯ ಬಣ್ಣ ಬೇಕೆಂದರು. ಅವಳು ಬೆಳಿಗ್ಗೆ ಒಂದು ಚಿಗುರು ಕಿತ್ತು ಚೀಲಕ್ಕೆ ಹಾಕಿಕೊಂಡಳು, ಮಧ್ಯಾಹ್ನ ಅದನ್ನು ನೋಡಿಕೊಂಡು ಬೆರೆಸಿದಳು, ಸಂಜೆಗೆ ಇಡೀ ಕೋಣೆ ಬಾಡಿದ ಎಲೆಯಂತಾಗಿತ್ತು. ಕೈ ಎಲೆಗೆ ಸರಿಯಾಗಿಯೇ ಬೆರೆಸಿತ್ತು, ಎಲೆಯೇ ಚೀಲದಲ್ಲಿ ಸತ್ತುಹೋಗಿತ್ತು. ಆ ಕೋಣೆಯನ್ನು ಎರಡನೇ ಸಲ ಬಳಿದುಕೊಟ್ಟ ದಿನದಿಂದ ಅವಳು ಏನನ್ನೂ ಕೀಳಲಿಲ್ಲ. ಡಬ್ಬವನ್ನೇ ಗಿಡದ ಬಳಿಗೆ ಒಯ್ಯುವುದು, ಬೆರಳಗಲದ ಹಲಗೆಯ ತುಂಡಿಗೆ ಬಣ್ಣ ಸವರುವುದು, ಅದು ಪೂರ್ತಿ ಒಣಗುವ ತನಕ ಕಾಯುವುದು, ಒಣಗಿದ ಮೇಲೆ ಎಲೆಯ ಪಕ್ಕ ಹಿಡಿಯುವುದು. ಹಸಿ ಬಣ್ಣವನ್ನು ಅವಳು ನಂಬುತ್ತಿರಲಿಲ್ಲ. ಅದು ಒಣಗುವಾಗ ಮಾತು ಬದಲಿಸುತ್ತದೆ ಎಂದು ಅವಳ ದೂರು.

ಹೀಗೆ ಕಾಯುತ್ತ ಕೂತವಳಿಗೆ ಜನ ನೋಡದ ಎಷ್ಟೋ ಬಣ್ಣ ಕಂಡವು. ಹಲ್ಲಿಯ ಕೊರಳು, ತುಕ್ಕು ಹಿಡಿದ ಗೇಟು, ಮಳೆ ನಿಂತ ಮೇಲಿನ ಎರೆಹುಳ. ಅವಳ ಅತ್ತೆ ಬೀದಿಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದಳು: "ಬೇರೆ ಮನೆ ಸೊಸೇರು ಗಂಡನ ಮುಖ ನೋಡ್ತಾರೆ. ನಮ್ಮವಳು ಎರೆಹುಳದ ಮುಖ ನೋಡ್ತಾಳೆ." ಎರಡರಲ್ಲಿ ಯಾವುದು ಹೆಚ್ಚು ಚೆಂದ ಎಂದು ಸೊಸೆ ಯಾವತ್ತೂ ಹೇಳಲಿಲ್ಲ. ಮನೆಯಲ್ಲಿ ನೆಮ್ಮದಿ ಬೇಕಲ್ಲ.

ಈ ಹೊತ್ತಿಗೆ ವಕೀಲರ ಮನೆಯ ಕೆಲಸ ಬಂತು. ವಕೀಲರು ಎಲ್ಲಿಯೋ ಓದಿದ್ದರಂತೆ, ಮನೆಯ ಬಣ್ಣಗಳು ಪ್ರಕೃತಿಯಿಂದ ಬರಬೇಕು, ಆಗ ಮನಸ್ಸು ಹಗುರಾಗುತ್ತದೆ ಎಂದು. ಕಂಟ್ರಾಕ್ಟರನಿಗೆ ಪ್ರಕೃತಿಯ ಗಂಧಗಾಳಿ ಇರಲಿಲ್ಲ. ಆದರೂ "ಆಗತ್ತೆ ಸಾರ್, ನಮ್ಮ ಸ್ಪೆಷಾಲಿಟಿನೇ ಅದು" ಎಂದು ಒಪ್ಪಿಕೊಂಡು ನೇರವಾಗಿ ಚುಕ್ಕಿಯ ಹತ್ತಿರ ಬಂದ.

ಈ ಕಂಟ್ರಾಕ್ಟರ್ ಕೆಲಸಕ್ಕೆ ಸೇರಿದ್ದು ಅವಳಿಗಿಂತ ಒಂದು ವರ್ಷ ತಡವಾಗಿ. ಪುಟ್ಟಿ ಬ್ಲೇಡು ಹಿಡಿಯುವುದನ್ನು ಕಲಿಸಿದ್ದು ಅವಳೇ. ಆಗ ಅವನು ಅವಳಿಗೆ 'ನೀನು' ಆಗಿದ್ದ, ಸ್ಕೂಟರ್ ಬಂದ ಮೇಲೆ 'ನೀವು' ಆದ.

"ಈ ಮನೆ ಒಂದು ಪಾಸಾಗಲಿ ಚುಕ್ಕಿ," ಎಂದ ಅವನು. "ಮುಂದಿನ ಕೆಲಸ ಮೂರು ಮಹಡಿ ಕಟ್ಟಡ. ಅದಕ್ಕೆ ನೀನೇ ಮೇಸ್ತ್ರಿ."

ಅವಳಿಗೆ ಮೇಸ್ತ್ರಿ ಆಗಬೇಕಿತ್ತು. ಬಾಯಿಮಾತಿಗಲ್ಲ, ನಿಜವಾಗಿ ಆಗಬೇಕಿತ್ತು. ಆ ಊರಿನ ಬಣ್ಣದವರಲ್ಲಿ ಹೆಂಗಸು ಮೇಸ್ತ್ರಿ ಆದದ್ದೇ ಇರಲಿಲ್ಲ. ಯಾವ ಗೋಡೆ ಮೊದಲು, ಯಾರಿಗೆ ಯಾವ ಬ್ರಷ್ಷು, ಇದು ಸಾಲದು ಇನ್ನೊಂದು ಕೋಟು ಹೊಡಿ ಎಂದು ತಾನು ಹೇಳುವುದನ್ನು ಅವಳು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದಳು.

ಒಂದು ತಿಂಗಳು ಅವಳು ಡಬ್ಬ ಹಿಡಿದು ಅಲೆದಳು. ಒಂದೊಂದು ಕೋಣೆಗೆ ಒಂದೊಂದು ಕಡೆಯಿಂದ ಬಣ್ಣ ತಂದಳು. ಎಲ್ಲಿಂದ ತಂದೆ ಎಂದು ಕೇಳಿ ಕಂಟ್ರಾಕ್ಟರ್ ಎದೆ ಹಿಡಿದುಕೊಂಡ. ಆಮೇಲೆ ಚೇತರಿಸಿಕೊಂಡು ಪ್ರತಿ ಬಣ್ಣಕ್ಕೂ ಒಂದು ಹೆಸರು ಕಟ್ಟಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಅವನ ವ್ಯವಹಾರದ ರೀತಿ. ಹಾಲ್ ಬೆಳ್ಳಿಮೋಡವಾಯಿತು, ಮೆಟ್ಟಿಲ ಗೋಡೆ ಜೇನಾಯಿತು, ಮಲಗುವ ಕೋಣೆ ಗುಲಾಬಿ ಪಕಳೆಯಾಯಿತು. ಮಹಡಿಯ ಮೇಲಿನ ಓದುವ ಕೋಣೆಯ ಹಸಿರಿಗೆ 'ಕಾಡಿನ ಮುಂಜಾವು' ಎಂದು ಹೆಸರಿಟ್ಟ. "ಕೇಳಿದ್ರೆ ಇದನ್ನೇ ಹೇಳು," ಎಂದು ಅವಳಿಗೆ ತಾಕೀತು ಮಾಡಿದ. "ಆಗಲ್ಲ ಅಂದ್ರೆ ಬಾಯಿಗೆ ಬೀಗ ಹಾಕ್ಕೊಂಡಿರು." ಅಡುಗೆಮನೆ ಒಂದನ್ನು ಮಾತ್ರ ಅವಳಿಗೆ ಬಿಟ್ಟಿರಲಿಲ್ಲ. ಅದಕ್ಕೆ ವಕೀಲರೇ ಅಂಗಡಿಯ ಕ್ಯಾಟಲಾಗ್ ತಿರುವಿ ಕ್ರೀಮ್ ಆರಿಸಿದ್ದರು. ಅಡುಗೆಮನೆಗೆ ಅಷ್ಟು ಸಾಕು ಎಂದಿದ್ದರು.

ವಕೀಲರಿಗೆ ಓದುವ ಕೋಣೆ ತುಂಬ ಹಿಡಿಸಿತು. ಬಣ್ಣ ಒಣಗಿದ ಸಂಜೆ ಕುರ್ಚಿ ತರಿಸಿ, ಚಹಾ ತರಿಸಿ, ಒಂದು ಗಂಟೆ ಸುಮ್ಮನೆ ಗೋಡೆ ನೋಡುತ್ತ ಕೂತರು. ಕಣ್ಣಿಗೆ ಎಷ್ಟು ತಂಪು ಎಂದರು. ಮೂಲೆಯಲ್ಲಿ ಹನಿ ಒರೆಸುತ್ತಿದ್ದ ಚುಕ್ಕಿ ಅದನ್ನು ಕೇಳಿಸಿಕೊಂಡು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಮರುದಿನ ಮಧ್ಯಾಹ್ನ ಅವರು ಅವಳನ್ನೇ ಕೇಳಿದರು. ಭಾನುವಾರ ಸ್ನೇಹಿತರು ಬರುವವರಿದ್ದರು, ಅವರಿಗೆ ವಿವರವಾಗಿ ಹೇಳಬೇಕಿತ್ತು.

"ಈ ಕಾಡಿನ ಮುಂಜಾವು ಅಂದ್ಯಲ್ಲಪ್ಪ," ಎಂದು ಕಂಟ್ರಾಕ್ಟರನ ಕಡೆ ನೋಡಿ, ಅವಳತ್ತ ತಿರುಗಿದರು. "ಯಾವ ಕಾಡಮ್ಮ? ನೀನೇ ಹೋಗಿದ್ದಾ?"

ಕಂಟ್ರಾಕ್ಟರ್ ಅವಳಿಗೆ ಕಣ್ಣು ಮಾಡಿದ. ಅವಳು ಬಾಯಿ ಮುಚ್ಚಿಕೊಂಡೇ ಇರಬೇಕೆಂದಿದ್ದಳು, ಅದು ಸತ್ಯ. ಆದರೆ ಆ ಹಸಿರಿಗಾಗಿ ಒಂಬತ್ತು ಬೆಳಿಗ್ಗೆ ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಜೋಮು ಹಿಡಿದ ಕಾಲು ಅವಳದು, ಹೆಸರು ಯಾವುದೋ ಕಾಡಿನದು. ಅವಳಿಗೆ ಸಿಟ್ಟು ಬಂತು.

"ಕಾಡಲ್ಲ ಸಾರ್," ಎಂದಳು. "ನಿಮ್ಮ ಹಿತ್ತಲ ಮೋರಿ. ಬಚ್ಚಲ ನೀರು ಹೋಗತ್ತಲ್ಲ, ಅದರ ಗೋಡೆ ಮೇಲಿನ ಪಾಚಿ."

"ತಮಾಷೆ ಮಾಡ್ತಾಳೆ ಸಾರ್," ಎಂದ ಕಂಟ್ರಾಕ್ಟರ್.

"ತಮಾಷೆ ಅಲ್ಲ. ಬಿಸಿಲು ಬೀಳೋಕೆ ಮುಂಚೆ ಹೋಗಿ ನೋಡಿ, ಇದೇ ಬಣ್ಣ."

ವಕೀಲರು ಕುರ್ಚಿಯಿಂದ ಎದ್ದರು. ಗೋಡೆಯಿಂದ ಎರಡು ಹೆಜ್ಜೆ ದೂರ ಸರಿದರು. ಸಂಜೆಯೊಳಗೆ ಈ ಕೋಣೆಗೂ ಕ್ರೀಮ್ ಬಳಿಯಬೇಕು, ಮೋರಿಯಲ್ಲಿ ಕೂತು ತಾನು ಕಾನೂನು ಓದುವುದಿಲ್ಲ ಎಂದರು. ಅವರ ದನಿಗೆ ಕೆಳಗೆ ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಮೇಲೆ ಬಂದರು.

ಕಂಟ್ರಾಕ್ಟರ್ ಚುಕ್ಕಿಯನ್ನು ಬಾಗಿಲಾಚೆಗೆ ಎಳೆದುಕೊಂಡು ಹೋದ. "ಸುಮ್ಮನೆ ಕ್ರೀಮ್ ಹೊಡೆದುಬಿಡು. ಸೋಮವಾರದಿಂದ ಮೂರು ಮಹಡಿ ನಿನ್ನ ಕೈಗೆ, ಈಗಲೂ ಕೊಡ್ತೀನಿ. ಹೊಡೆಯಲ್ಲ ಅಂದ್ಯೋ, ಮೇಸ್ತ್ರಿ ಮಾತು ಇಲ್ಲಿಗೇ ಮರೆತುಬಿಡು."

ಅವಳು ಒಳಗೆ ಬಂದು, ಅಂಗಡಿಯಿಂದ ತರಿಸಿದ ಕ್ರೀಮನ್ನು ತಟ್ಟೆಗೆ ಸುರಿದಳು. ರೋಲರ್ ಅದ್ದಿ ಹಿಂಡಿದಳು. ಗೋಡೆಯ ಮುಂದೆ ನಿಂತಳು. ಕೈಗೆ ಬಂದ ತುತ್ತು, ಬಾಯಿಗೂ ಬಂದೇಬಿಟ್ಟಿತ್ತು. ತೋಳು ಒಂದು ಸಲ ಮೇಲಕ್ಕೆ ಹೋಗಿ ಕೆಳಗೆ ಬಂದರೆ ಮುಗಿಯಿತು, ಇಪ್ಪತ್ತೆರಡು ವರ್ಷದ ಕೆರೆತ ಮುಗಿಯಿತು. ರೋಲರಿನಿಂದ ಹಾಸಿದ್ದ ಪೇಪರಿನ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ತೋಳು ಮೇಲಕ್ಕೆ ಹೋಗಲಿಲ್ಲ.

ಅವಳು ರೋಲರ್ ಕೆಳಗಿಟ್ಟಳು.

"ಸಾರ್, ಒಂದು ಕೇಳ್ತೀನಿ. ನಿನ್ನೆ ಇಲ್ಲೇ ಒಂದು ಗಂಟೆ ಕೂತಿದ್ರಿ. ಕಣ್ಣಿಗೆ ತಂಪು ಅಂದ್ರಿ. ಅದು ಸುಳ್ಳಾ?"

"ಆಗ ನನಗೆ ಗೊತ್ತಿರಲಿಲ್ಲ."

"ಗೋಡೆ ನಿನ್ನೆ ಇದ್ದಿದ್ದೇ ಇವತ್ತೂ ಇದೆ. ಬದಲಾಗಿದ್ದು ನೀವು."

ಜನರನ್ನು ಪ್ರಶ್ನೆ ಕೇಳಿಯೇ ಬದುಕುವ ಆ ಮನುಷ್ಯ ತಮ್ಮ ಕುರ್ಚಿಯನ್ನು ಗೋಡೆಯಿಂದ ಇನ್ನೂ ದೂರಕ್ಕೆ ಎಳೆದರು. ಚುಕ್ಕಿ ಬಿಡಲಿಲ್ಲ.

"ಪ್ರಕೃತಿಯಿಂದ ಬೇಕು ಅಂದ್ರಿ, ತಂದುಕೊಟ್ಟೆ. ಪ್ರಕೃತಿ ಅಂದ್ರೆ ಕ್ಯಾಲೆಂಡರ್ ಚಿತ್ರ ಅಂದ್ಕೊಂಡ್ರಾ? ಇದೊಂದನ್ನ ಮುಚ್ಚಿದ್ರೆ ಸಾಲದು. ಬನ್ನಿ, ಎಲ್ಲಾ ತೋರಿಸಿಬಿಡ್ತೀನಿ."

ಅವಳು ಮುಂದೆ ಹೋದಳು. ಹೆಂಡತಿ ತಕ್ಷಣ ಹಿಂದೆ ಹೊರಟರು, ವಕೀಲರಿಗೂ ಹೋಗದೆ ಗತಿ ಇರಲಿಲ್ಲ. ಕಂಟ್ರಾಕ್ಟರ್ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕೊನೆಯಲ್ಲಿ ಬಂದ.

"ಈ ಮೆಟ್ಟಿಲ ಗೋಡೆ ಜೇನಲ್ಲಮ್ಮ. ನಾಲ್ಕು ದಿನ ಬಿದ್ದಿದ್ದ ಬಾಳೆಹಣ್ಣಿನ ಸಿಪ್ಪೆ. ಮೂರನೇ ದಿನ ಇನ್ನೂ ಹಳದಿ ಇರತ್ತೆ, ಐದನೇ ದಿನ ಕಪ್ಪು. ನಾಲ್ಕನೇ ದಿನವೇ ಹಿಡೀಬೇಕು."

ಹಾಲಿಗೆ ಬಂದಳು. "ಇದು ಇಟ್ಟಿಗೆ ಗೂಡಿನ ಕತ್ತೆ. ಬೆನ್ನಲ್ಲ, ಹೊಟ್ಟೆ. ಹಲಗೆ ಹಿಡಿಯೋಕೆ ಹೋಗಿ ಒದೆ ತಿಂದಿದೀನಿ, ತೊಡೆ ಮೇಲೆ ಇನ್ನೂ ಗುರುತಿದೆ. ಬೆಳ್ಳಿಮೋಡ ಯಾರಿಗಾದ್ರೂ ಒದೆಯತ್ತಾ?"

ಮುಂಬಾಗಿಲು ಸಗಣಿ ಹುಳದ ಬೆನ್ನಿನದು ಎಂದು ತಿಳಿದಾಗ ವಕೀಲರು ಅದರ ಹಿಡಿಯಿಂದ ಕೈ ತೆಗೆದರು. ಮಲಗುವ ಕೋಣೆಯ ಮುಂದೆ ನಿಂತು ಚುಕ್ಕಿ ಎರೆಹುಳ ಎಂದಳು. ವಕೀಲರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರೂ ನಗು ಹೊರಗೆ ಬಂತು. "ಹತ್ತು ದಿನದಿಂದ ಎರೆಹುಳದೊಳಗೆ ಮಲಗಿದೀರಿ," ಎಂದರು ಗಂಡನಿಗೆ. "ಗೊರಕೆ ಏನೂ ಕಮ್ಮಿ ಆಗಿಲ್ಲ."

"ನಗೋ ವಿಷಯ ಅಲ್ಲ ಇದು," ಎಂದರು ವಕೀಲರು.

"ಅಳೋ ವಿಷಯವೂ ಅಲ್ಲ." ಹೆಂಡತಿ ನಗು ನಿಲ್ಲಿಸಿ ಚುಕ್ಕಿಯನ್ನು ಕೇಳಿದರು, "ನನ್ನ ಅಡುಗೆಮನೆ? ಅದು ಯಾವುದರದ್ದು?"

"ಅದು ಯಾವುದರದ್ದೂ ಅಲ್ಲಮ್ಮ. ಸಾಹೇಬ್ರು ಪುಸ್ತಕ ನೋಡಿ ಹೇಳಿದ್ದು."

ಅವರು ಅಡುಗೆಮನೆಯ ಬಾಗಿಲಿಗೆ ಹೋಗಿ ಒಳಗೆ ನೋಡಿದರು. ದಿನಕ್ಕೆ ಎಂಟು ಗಂಟೆ ನಿಲ್ಲುವ ಜಾಗವನ್ನು ಮೊದಲ ಸಲ ನೋಡುವವರಂತೆ ಸುಮಾರು ಹೊತ್ತು ನೋಡಿದರು. ಮನೆಯಲ್ಲಿ ಕತ್ತೆಗೂ ಎರೆಹುಳಕ್ಕೂ ಒಂದೊಂದು ಕೋಣೆ ಸಿಕ್ಕಿತ್ತು.

"ಓದೋ ಕೋಣೆ ನಿಮಗೆ ಬೇಡ ಅಂದ್ರೆ ನಾನು ಕೂತ್ಕೋತೀನಿ," ಎಂದರು ಗಂಡನ ಕಡೆ ತಿರುಗದೆಯೇ. "ಅಲ್ಲಿಗೆ ತಂದಿರೋ ಕ್ರೀಮ್ ವಾಪಸ್ ಹೋಗಲಿ. ಇದನ್ನೂ ಬದಲಾಯಿಸಬೇಕು. ಈ ಕೆಲಸಕ್ಕೆ ಮೇಸ್ತ್ರಿ ಯಾರು? ನಾನು ಮೇಸ್ತ್ರಿ ಹತ್ತಿರ ಮಾತಾಡಬೇಕು."

ವಕೀಲರು ಹೊರಗೆ ನಡೆದರು. ಗೇಟು ದಡಾರನೆ ಬಡಿಯಿತು. ಕಂಟ್ರಾಕ್ಟರ್ ಗಂಟಲು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದ. "ಹೇಳಿ ಮೇಡಂ, ಮೇಸ್ತ್ರಿ ಇನ್ನೂ ಯಾರೂ ಅಂತ..."

"ನೀನು ಸುಮ್ನಿರೋ," ಎಂದಳು ಚುಕ್ಕಿ. ಬಹಳ ವರ್ಷದ ಮೇಲೆ ಅವನು ಮತ್ತೆ ಅವಳ ಬಾಯಲ್ಲಿ 'ನೀನು' ಆಗಿದ್ದ. ಅವನು ನಿಂತಲ್ಲೇ ನಿಂತ.

ಅವಳು ವಕೀಲರ ಹೆಂಡತಿಯ ಎದುರಿಗೆ ಬಂದಳು.

"ನಾನೇ ಮೇಸ್ತ್ರಿ. ಹೇಳಿ ಅಮ್ಮ."