ಬಾವಿಯ ಕಲ್ಲಿಗೊಂದು ಅಗಲದ ಲೆನ್ಸು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಲಬುರಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಅಲ್ಲೇ ಹತ್ತಿರದ ಕಮಲಾಪುರದಲ್ಲಿರುವ ತಮ್ಮ ಬಾಳೆತೋಟದ ಬಾವಿಯೊಳಗೆ ಅಕ್ಷರ ಕೊರೆದ ಕಲ್ಲಿದೆ ಎಂದು ನಮ್ಮ ಕಾಲೇಜಿನ ಗುಮಾಸ್ತರು ಹೇಳಿದರು. ನೀರಿನ ಮೇಲಿಂದ ಅದು ಕಾಣುವುದಿಲ್ಲ. ಈಜುವಾಗ ಗೋಡೆ ಸವರಿ ಅದನ್ನು ಗುರುತಿಸಿದವರು ಅವರ ತಾಯಿ.

ನೀರು ಖಾಲಿ ಮಾಡಿಸಬಹುದೇ ಎಂದು ಕೇಳಿದೆ. ಎರಡು ಪಂಪು ಹಚ್ಚಿದರೂ ಸೆಲೆ ಬಗ್ಗುವುದಿಲ್ಲ, ಬಗ್ಗಿದರೆ ಬಾಳೆ ಒಣಗುತ್ತದೆ ಎಂದರು. ಹಾಗಾದರೆ ನೀರೊಳಗೇ ಫೋಟೋ ತೆಗೆಯಬೇಕು. ನನಗೋ ಈಜು ಬಾರದು. ಗುಮಾಸ್ತರ ತಾಯಿ ಐವತ್ತು ದಾಟಿದವರು. ಸೀರೆಯನ್ನು ಕಚ್ಚೆ ಹಾಕಿ ಮುಳುಗಿದರೆ ನಾನು ನಲವತ್ತು ಎಣಿಸುವವರೆಗೆ ಮೇಲೆ ಬರುತ್ತಿರಲಿಲ್ಲ. ಕ್ಯಾಮೆರಾ ಹಿಡಿಯಲು ಅವರೇ ಒಪ್ಪಿದರು.

ಕಲಬುರಗಿಯ ಅಂಚಿನ ಕಪನೂರಿನ ವರ್ಕ್‌ಶಾಪಿನಲ್ಲಿ ದಪ್ಪ ಅಕ್ರಿಲಿಕ್ಕಿನ ಪೆಟ್ಟಿಗೆ ಮಾಡಿಸಿದೆ. ಎದುರಿಗೆ ಚಪ್ಪಟೆ ಗಾಜು, ಸುತ್ತ ರಬ್ಬರು, ಬಟನ್ ಒತ್ತಲು ಹೊರಗಿನಿಂದ ಒಂದು ಕಡ್ಡಿ. ಫಿಲ್ಮು ತಿರುಗಿಸಲು ಮಾತ್ರ ಏನೂ ಇರಲಿಲ್ಲ. ಒಂದು ಫೋಟೋ ಆದ ಮೇಲೆ ಅವರು ಮೇಲೆ ಬರಬೇಕು, ನಾನು ಪೆಟ್ಟಿಗೆ ಒರೆಸಿ, ಬಿಚ್ಚಿ, ತಿರುಗಿಸಿ, ಮತ್ತೆ ಬಿಗಿಯಬೇಕು. ಮೊದಲ ದಿನ ಹನ್ನೆರಡು ಸಲ ಮುಳುಗಿದರು. ಫಿಲ್ಮು ತೊಳೆಸಿ ನೋಡಿದರೆ ಒಂದೊಂದು ಚಿತ್ರದಲ್ಲೂ ಕಲ್ಲಿನ ಅರ್ಧವೂ ಇಲ್ಲ. ದೂರ ಸರಿದು ತೆಗೆಯೋಣವೆಂದರೆ ಎರಡೂವರೆ ಅಡಿಯಾಚೆ ನೀರು ಬರೀ ಹಸಿರು ಮಂಜು.

ಅಗಲ ಕಾಣುವ ಲೆನ್ಸೇ ಬೇಕೆಂದು ಸ್ಟುಡಿಯೋದವರೊಬ್ಬರ ಬೆನ್ನು ಬಿದ್ದೆ. ಮದುವೆಯ ಗುಂಪಿನ ಫೋಟೋಕ್ಕೆಂದು ಅವರ ಬಳಿ ಇಪ್ಪತ್ತೆಂಟು ಮಿಲಿಮೀಟರಿನ ಅಗಲದ ಲೆನ್ಸಿತ್ತು. ಮುಹೂರ್ತಗಳಿಲ್ಲದ ದಿನ ಮಾತ್ರ ಕೊಡುತ್ತಿದ್ದರು. ಅದನ್ನು ಹಾಕಿ ದಡದ ಮೇಲೆ ನೋಡಿದಾಗ ಇಡೀ ಕಲ್ಲು ಹಿಡಿಸುವಷ್ಟು ಅಗಲವಿತ್ತು. ನೀರೊಳಗೆ ಮತ್ತೆ ಎರಡೂ ಬದಿಯ ಅಕ್ಷರಗಳು ಕತ್ತರಿಸಿಹೋಗಿದ್ದವು. ಚಪ್ಪಟೆ ಗಾಜು ನೀರಿನಲ್ಲಿ ನೋಟವನ್ನು ಕಿರಿದು ಮಾಡುತ್ತದೆ ಎಂಬುದು ಇಷ್ಟೆಲ್ಲ ಆದ ಮೇಲೆ ತಿಳಿಯಿತು. ಮತ್ತೆ ಕಪನೂರಿಗೆ ಹೋಗಿ, ಅಕ್ರಿಲಿಕ್ಕನ್ನು ಕಾಯಿಸಿ ಅರ್ಧ ಚೆಂಡಿನ ಹಾಗೆ ಉಬ್ಬಿಸಿ, ಚಪ್ಪಟೆ ಗಾಜಿನ ಜಾಗಕ್ಕೆ ಕೂರಿಸಿಕೊಂಡು ಬಂದೆ. ಈ ಸಲ ಕಲ್ಲು ಪೂರ್ತಿ ಬಂತು, ಆದರೆ ದಾರ ಹಿಡಿದು ದೂರ ಅಳೆದು ಲೆನ್ಸು ಹೊಂದಿಸಿದ್ದರೂ ಒಂದು ಅಕ್ಷರವೂ ಸ್ಪಷ್ಟವಿಲ್ಲ. ಇಡೀ ರೋಲು ಹಾಳು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮರೆತವಳಂತೆ ಬಿಟ್ಟು ಇಳಿದುಬಿಡಬೇಕೆನಿಸಿತ್ತು.

ಕಾರಣ ಹೇಳಿದವರು ಕಲಬುರಗಿಯ ರೋಜಾ ಬಡಾವಣೆಯ ಚಶ್ಮಾ ಅಂಗಡಿಯವರು. ನಾನು ಹೋದದ್ದು ನನ್ನ ಕನ್ನಡಕ ಬಿಗಿ ಮಾಡಿಸಲು. ಮಾತಿಗೆ ಮಾತು ಬಂದು ಸಿಟ್ಟೆಲ್ಲ ಅವರ ಮುಂದೆ ತೋಡಿಕೊಂಡೆ.

"ಉಬ್ಬಿದ ಗಾಜಿನ ಮುಂದ ನೀರೇ ಒಂದು ಚಶ್ಮಾ ಆಗ್ತದ್ರಿ ಬಾಯಾರ" ಎಂದರು. "ಕಲ್ಲು ಎರಡೂವರಿ ಫೂಟ್ ದೂರ ಇದ್ರೂ ಕ್ಯಾಮೆರಾಕ್ಕ ಭಾಳ ಹತ್ರ, ಒಂದು ಫೂಟಿನಾಗೇ ಕಾಣ್ತದ. ನೀವು ದಾರ ಹಿಡದು ಅಳದ್ರ ಏನ್ ಉಪಯೋಗ?"

ಅವರೆಂದಂತೆ ಒಂದಡಿಯ ಆಸುಪಾಸಿಗೆ ಲೆನ್ಸು ಹೊಂದಿಸಿ ಮತ್ತೆ ಕಮಲಾಪುರಕ್ಕೆ ಹೋದೆ. ಕೊನೆಗೂ ಇಡೀ ಕಲ್ಲಿನ ಚಿತ್ರ ಸಿಕ್ಕಿತು. ದೊಡ್ಡದು ಮಾಡಿಸಿದರೆ ನಡುವಿನ ಅಕ್ಷರಗಳು ಇರುವೆ ಸಾಲಿನಂತಿದ್ದವು, ಅಂಚು ಕರಗಿಹೋಗಿತ್ತು. ಅಗಲ ನೋಡುವ ಲೆನ್ಸು ಎಲ್ಲವನ್ನೂ ಒಳಗೆ ತರುತ್ತದೆ, ತಂದದ್ದನ್ನೆಲ್ಲ ಸಣ್ಣದು ಮಾಡುತ್ತದೆ. ಕೆಲಸ ಶುರುವಾಗಿ ಒಂದು ವರ್ಷ ಕಳೆದಿತ್ತು.

ಚಿತ್ರವನ್ನು ಬಾವಿಯ ದಡದಲ್ಲಿ ಗುಮಾಸ್ತರ ತಾಯಿಯ ಕೈಗಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಾ ಏನ್ರಿ ನಮ್ ಕಲ್ಲು? ಇಷ್ಟ ಸಣ್ಣದು ಆಗ್ಯಾದಲ್ರಿ. ಮ್ಯಾಲ ಬಲಕ್ಕ ಚಂದ್ರ ಅದಾನ, ಇದರಾಗ ಇಲ್ಲ."

ಶಾಸನದ ತಲೆಯಲ್ಲಿ ಕೊರೆದ ಚಂದ್ರನನ್ನು ಅವರು ಕೈಯಿಂದಲೇ ಕಂಡಿದ್ದರು. ಅಕ್ಷರಗಳೂ ಕೈಗೆ ಹಾಗೆಯೇ ತಿಳಿಯುತ್ತವೆಯೇ ಎಂದು ಕೇಳಿದೆ. ಅವರು ಓದು ಬರಹ ಕಲಿತವರಲ್ಲ. ಆದರೂ ಮುಳುಗಿ ಎದ್ದು ಬಂದು, ಒದ್ದೆ ಬೆರಳಿನಿಂದ ದಡದ ಚಪ್ಪಡಿಯ ಮೇಲೆ ಗೆರೆ ಎಳೆದರು. ಹಳಗನ್ನಡ ಲಿಪಿಯ 'ಶ್ರೀ'. ನಾನು ಪುಸ್ತಕ ತೆರೆಯುವಷ್ಟರಲ್ಲಿ ಬಿಸಿಲಿಗೆ ಅದು ಆರಿತು. ಇನ್ನೊಂದು ಸಲ ಮುಳುಗಿದರು, ಇನ್ನೊಂದು ಅಕ್ಷರ ಎಳೆದರು. ಸಂಜೆಯ ಬಸ್ಸಿನ ಹೊತ್ತಿಗೆ ಹನ್ನೊಂದು ಅಕ್ಷರ ಬರೆದುಕೊಂಡಿದ್ದೆ. ಪ್ರಕಟಿಸಲು ಅಷ್ಟು ಸಾಲದು. ಬಸ್ಸಿನಲ್ಲಿ ನನ್ನ ಮೇಲೆಯೇ ಸಿಟ್ಟು ಬಂತು. ಮೊದಲ ದಿನವೇ ಅವರನ್ನು ಕೇಳಬಹುದಿತ್ತು.