ಬೋಲ್ಟಿನ ಕೆಳಗಿನ ಬಣ್ಣ

ನಮ್ಮ ಶೆಡ್ಡಿಗೆ ಬರುವವರೆಲ್ಲ ಬಾಗಿಲಲ್ಲೇ ಕೇಳುವುದು ಒಂದೇ ಪ್ರಶ್ನೆ: "ಕರೆಂಟಕ್ಕ ಇದ್ದಾರಾ?" ಮೂವತ್ತೊಂದು ವರ್ಷದಿಂದ ಇಲ್ಲೇ ಗಾಡಿಗಳಿಗೆ ಬಣ್ಣ ಹೊಡೆಯುತ್ತಿರುವ ನಾನು ಎದುರಿಗೇ ನಿಂತಿದ್ದರೂ "ಪೇಂಟರ್ ಇದ್ದಾರಾ" ಎಂದು ಒಬ್ಬನೂ ಕೇಳಿದವನಲ್ಲ. ಮುಚ್ಚುಮರೆ ಯಾಕೆ, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಊಟ ರುಚಿಸದಷ್ಟು.

ಗಾಡಿಗಳ ವೈರಿಂಗ್ ಕೆಲಸಕ್ಕೆ ಅವಳು ಬಂದು ಆರು ವರ್ಷವಾಯಿತು. ಮೊದಲು ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರಗಳ ಮೋಟಾರು ರಿಪೇರಿ ಮಾಡುತ್ತಿದ್ದಳಂತೆ. ಅದು ಮುಚ್ಚಿದ ಮೇಲೆ ಒಂದು ಟೆಸ್ಟ್ ಲ್ಯಾಂಪು, ಒಂದು ಕಟಿಂಗ್ ಪ್ಲೇಯರು ಹಿಡಿದುಕೊಂಡು ಶೆಡ್ಡಿನ ಯಜಮಾನನಾದ ನನ್ನ ಅಣ್ಣನ ಮುಂದೆ ಬಂದು ನಿಂತಳು. ಗಂಡನ ಹಳೆಯ ಶರ್ಟನ್ನು ಮೇಲೆ ಹಾಕಿಕೊಂಡು ಗಾಡಿಯ ಕೆಳಗೆ ನುಗ್ಗುತ್ತಾಳೆ. ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ "ಇದು ಹೋಗಿದೆ" ಎನ್ನುತ್ತಾಳೆ. ಬಾನೆಟ್ ತೆಗೆದರೆ "ಎಲ್ಲಪ್ಪಾ ನೋವು ನಿಂಗೆ?" ಎಂದು ಗಾಡಿಯನ್ನೇ ಕೇಳುತ್ತಾಳೆ. ಗಿರಾಕಿಗಳು ಇದನ್ನು ನೋಡಿ ಮರುಳಾಗುತ್ತಾರೆ. ಬಣ್ಣದ ಡಬ್ಬದ ಜೊತೆ ಮಾತಾಡಿದರೆ ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಗಿರಾಕಿಗಳ ಮಾತು ಹಾಳಾಗಲಿ. ನನಗೆ ಬೇಕಾಗಿದ್ದದ್ದು ಅಣ್ಣನ ಬಾಯಿಂದ ಒಂದು "ಚೆನ್ನಾಗಿದೆ". ಅವನು ಎಂಥ ಕೆಲಸ ನೋಡಿದರೂ "ಆಯ್ತಾ?" ಎನ್ನುವ ಆಸಾಮಿ. ಆದರೆ ಅವಳ ಜೊತೆ ನಿಂತು ಟೀ ಕುಡಿಯುತ್ತಾನೆ. ಅಲ್ಲಿ ಅವಳನ್ನು ಎಷ್ಟು ಹೊಗಳುತ್ತಾನೋ ಎಂದು ನಾನು ಇಲ್ಲಿ ಕುದಿಯುತ್ತಿದ್ದೆ.

ಈ ವರ್ಷ ಅಣ್ಣನಿಗೆ ಅಪ್ಪನ ಹಳೆಯ ಪಿಕಪ್ಪನ್ನು ಮತ್ತೆ ರಸ್ತೆಗೆ ಇಳಿಸುವ ಹುಮ್ಮಸ್ಸು ಬಂತು. ವೈರಿಂಗ್ ಎಲ್ಲ ಅವಳು ಮಾಡಿದಳು. ಎರಡು ತಿಂಗಳ ನಂತರ ಬಣ್ಣದ ಸರದಿ. "ಹಿಂದಿನ ಲೈಟು ಬಿಚ್ಚೋವಾಗ ನನ್ನ ಕರೀರಿ ಪೇಂಟರಣ್ಣ" ಎಂದಿದ್ದಳು. ನಾಲ್ಕು ಸ್ಕ್ರೂ ಬಿಚ್ಚಲು ಇವಳ ಅಪ್ಪಣೆ ಬೇಕೆ? ನಾನೇ ಬಿಚ್ಚಿದೆ, ಹನ್ನೆರಡು ದಿನ ಕೂತು ಮೂರು ಕೋಟು ಕಡು ಹಸಿರು ಹೊಡೆದೆ, ನಾನೇ ಮತ್ತೆ ಕೂರಿಸಿದೆ.

ಬುಧವಾರ ಅಣ್ಣ ಬ್ರೇಕ್ ಒತ್ತಿ ನೋಡಿದ. ಬ್ರೇಕ್ ಲೈಟು ಮಿಣುಕ್ ಎಂದಿತು, ಸಂಬಂಧವೇ ಇಲ್ಲದ ಇಂಡಿಕೇಟರು ಜೊತೆಗೆ ಉರಿಯಿತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಕಣ್ಣು ಹೊಡೆಯಿತು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

"ಶನಿವಾರ ಫಿಟ್‌ನೆಸ್ ಪರೀಕ್ಷೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಬೇರೆ ಎಲೆಕ್ಟ್ರಿಷಿಯನ್ ನೋಡ್ಕೋತೀನಮ್ಮ" ಎಂದ ಅಣ್ಣ. ಅವಳ ಮುಖ ಸಣ್ಣದಾಯಿತು.

ಬ್ರೇಕ್ ಲೈಟು ನೋಡಲು ಇಬ್ಬರು ಬೇಕು. ಒತ್ತುವವನಿಗೆ ಹಿಂದಿನದು ಸರಿಯಾಗಿ ಕಾಣುವುದಿಲ್ಲ. ಒತ್ತುವ ಕೆಲಸ ನನ್ನ ತಲೆಗೆ ಬಂತು. "ಒತ್ತಿ." ಒತ್ತಿದೆ. "ಬಿಡಿ." ಬಿಟ್ಟೆ. ಅವಳು ಬಲ್ಬು ಬದಲಾಯಿಸಿದಳು. ಫ್ಯೂಸು ನೋಡಿದಳು. ಪೆಡಲಿನ ಹತ್ತಿರದ ಸ್ವಿಚ್ಚು, ಫ್ಲ್ಯಾಶರು, ಎಲ್ಲ ಹೊಸದು. ಗಾಡಿ ಮಾತ್ರ ಅದೇ ಆಟ ಆಡುತ್ತಿತ್ತು.

"ಏನಮ್ಮಾ, ಇವತ್ತು ಗಾಡಿ ಎಲ್ಲಿ ನೋವು ಅಂತ ಹೇಳ್ಲಿಲ್ವಾ?" ಎಂದೆ. ಅವಳು ತಲೆ ತಗ್ಗಿಸಿ ಮತ್ತೆ ಫ್ಯೂಸು ಬಿಚ್ಚತೊಡಗಿದಳು. ಅದೂ ನನಗೆ ಖುಷಿಯೇ.

ಶುಕ್ರವಾರ ಮಧ್ಯಾಹ್ನ ಅವಳು ಬ್ಯಾಟರಿಯ ನೆಗೆಟಿವ್‌ನಿಂದ ಉದ್ದದ ವೈರೊಂದನ್ನು ಎಳೆದು ತಂದು ಹಿಂದಿನ ಲೈಟಿನ ತಗಡಿಗೆ ಮುಟ್ಟಿಸಿದಳು. "ಒತ್ತಿ." ಹಿಂದಿನ ಗೋಡೆಯೆಲ್ಲ ಕೆಂಪಾದದ್ದು ಕನ್ನಡಿಯಲ್ಲಿ ಕಂಡಿತು. ವೈರು ತೆಗೆದಳು, ಮತ್ತೆ ಮಿಣುಕ್.

"ಕರೆಂಟಿಗೆ ವಾಪಸ್ ಹೋಗೋ ದಾರಿ ಇಲ್ಲ. ಅದಕ್ಕೇ ಇಂಡಿಕೇಟರೊಳಗೆ ನುಗ್ತಿದೆ. ಅರ್ತ್ ವೈರು!" ಎನ್ನುತ್ತ ಕೆಳಗೆ ತೂರಿದಳು. ನಾನೂ ಇಳಿದು ಬಗ್ಗಿ ನೋಡಿದೆ. ವೈರಿಂಗ್ ಮಾಡುವಾಗ ಅವಳು ಕಬ್ಬಿಣ ಕಾಣುವವರೆಗೆ ಉಜ್ಜಿ ಅರ್ತ್ ಕಟ್ಟಿದ್ದ ಜಾಗ ಅದು. ತಾನೇ ಕಟ್ಟಿದ್ದೆಂಬ ನಂಬಿಕೆಯಿಂದ ಈವರೆಗೆ ಅದನ್ನು ಬಿಚ್ಚಿರಲಿಲ್ಲ. ಈಗ ಬೋಲ್ಟು ಬಿಚ್ಚಿದರೆ ಕೆಳಗೆ ಹಸಿರು. ದಪ್ಪಗೆ, ನುಣ್ಣಗೆ, ಮೂರು ಕೋಟು. ಕರೆಂಟು ದಾಟದ ಬಣ್ಣದ ಮೇಲೆ ಅರ್ತ್ ಕಟ್ಟಿದ್ದೆ ನಾನು.

ಅವಳು ಬೋಲ್ಟು ನೋಡಿದಳು, ನನ್ನನ್ನು ನೋಡಿದಳು. ಉಪ್ಪು ಕಾಗದ ತಗೊಂಡು ಉಜ್ಜತೊಡಗಿದಳು.

ಅಣ್ಣ ಬಂದ. ಈ ಸಲ ಎಲ್ಲ ಸರಿಯಾಗಿ ಉರಿಯಿತು.

"ಏನಾಗಿತ್ತು?"

"ಅರ್ತ್ ಸರಿ ಇರ್ಲಿಲ್ಲ ಯಜಮಾನ್ರೇ."

"ಕಟ್ಟಿದ್ದು ಯಾರು?"

"ನಾನೇ."

"ನಿನ್ನ ಕೆಲಸ ನೀನೇ ನೋಡ್ಕೊಳ್ಲಿಲ್ಲ ಅಂದ್ರೆ ಹೆಂಗಮ್ಮ? ಇವನನ್ನ ನೋಡು. ಬಣ್ಣ ಎಷ್ಟು ಚೆನ್ನಾಗಿದೆ! ಕೆಲಸ ಅಂದ್ರೆ ಹಿಂಗಿರ್ಬೇಕು."

ಬಂತು. ಮೂವತ್ತೊಂದು ವರ್ಷಕ್ಕೆ ಬಂತು, ಅದೂ "ಎಷ್ಟು" ಸೇರಿಸಿಕೊಂಡು. ಕುಣಿಯಬೇಕಿತ್ತು ನಾನು. ಆದರೆ ಅದು ಅವಳು ಬಾಯಿ ಮುಚ್ಚಿಕೊಂಡು ನನಗೆ ಕೊಡಿಸಿದ ಭಿಕ್ಷೆ. ಕೆಲಸದಲ್ಲಿ ದೊಡ್ಡವಳಾದದ್ದು ಸಾಲದು ಎಂದು ಈಗ ಮನಸ್ಸಿನಲ್ಲೂ ದೊಡ್ಡವಳಾಗುತ್ತಿದ್ದಾಳೆ! ನಾನು ಬಾಯಿ ಬಿಟ್ಟದ್ದು ಒಳ್ಳೆತನದಿಂದಲ್ಲ, ಇದನ್ನು ಸಹಿಸಲಾರದೆ.

"ಅಣ್ಣಾ, ಅರ್ತ್ ಜಾಗಕ್ಕೆ ಬಣ್ಣ ಹೊಡೆದೋನು ನಾನು. ಇವಳನ್ನ ಕರೀದೆ ಲೈಟು ಬಿಚ್ಚಿದ್ದೂ ನಾನೇ."

ಅಣ್ಣ ನಮ್ಮಿಬ್ಬರನ್ನೂ ನೋಡಿದ. "ಹೌದಾ. ನಾಳೆ ಪರೀಕ್ಷೆಗೆ ಇಬ್ರೂ ಬನ್ನಿ" ಎಂದಷ್ಟೇ ಹೇಳಿ ಒಳಗೆ ಹೋದ. ಚೆನ್ನಾಗಿದೆ ಎಂದದ್ದನ್ನೂ ಜೊತೆಗೇ ತೆಗೆದುಕೊಂಡು ಹೋದ ಹಾಗಿತ್ತು.

ಅವಳು ಉಪ್ಪು ಕಾಗದವನ್ನು ನೆಲಕ್ಕೆ ಎಸೆದಳು. "ಯಾಕ್ರೀ ಹೇಳಿದ್ರಿ? ಬಿಚ್ಚಿ ನೋಡದೆ ಇದ್ದಿದ್ದು ನನ್ನ ತಪ್ಪೂ ಹೌದು, ಅಲ್ಲಿಗೆ ಮುಗೀತಿತ್ತು. ಆರು ವರ್ಷ ಆಯ್ತು, ಆ ಮನುಷ್ಯ ನಂಗೆ ಒಂದ್ಸಲಾನೂ ಚೆನ್ನಾಗಿದೆ ಅಂದಿಲ್ಲ. ಟೀ ಕುಡೀವಾಗೆಲ್ಲ 'ನನ್ನ ತಮ್ಮ ಹೊಡೆದ ಬಣ್ಣ ನೋಡು' ಅಂತಾನೇ ಇರ್ತಾರೆ. ಇವತ್ತು ನಿಮ್ಮೆದುರಿಗೇ ಅಂದ್ರು. ನಂಗೆ ಹೊಟ್ಟೆ ಉರಿದು ಹೋಯ್ತು ಗೊತ್ತಾ? ಅಂಥದ್ದನ್ನ ಕೈಯಾರೆ ಬಿಸಾಕ್ತೀರಲ್ಲ!"

ಎಸೆದ ಉಪ್ಪು ಕಾಗದವನ್ನು ನಾನು ಎತ್ತಿಕೊಂಡೆ.

"ಏನಂದೆ?"

"ಹೊಟ್ಟೆ ಉರೀತು ಅಂದೆ."

"ಇನ್ನೊಂದ್ಸಲ ಹೇಳು."

ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿ ಗಾಡಿಯ ಹಿಂದೆ ಹೋಗಿ ನಿಂತಳು. "ಸಾಕು ಹೋಗ್ರೀ, ಬ್ರೇಕ್ ಒತ್ತಿ."

ಹೋಗಿ ಒತ್ತಿದೆ. ಅವಳು ಬಿಡಿ ಅನ್ನುವವರೆಗೂ ಬಿಡಲಿಲ್ಲ.