ಮಡಿವಾಳೆಪ್ಪನ ದಾರಗಳು
ತಿರ್ಲಾಪುರದ ಟೇಲರ್ ಮಡಿವಾಳೆಪ್ಪ ದಾರವನ್ನು ಕಣ್ಣಿನಿಂದ ನೋಡಿ ನಂಬುವವನಲ್ಲ; ಬೀಡಿಯ ಕೆಂಡಕ್ಕೆ ತಾಗಿಸಿ, ಮೂಸಿ, ಆಮೇಲೆಯೇ ಅದರ ಕುಲಗೋತ್ರ ಹೇಳುತ್ತಿದ್ದ. ನೈಲಾನ್ ಸಂತೆಯ ಚೀಲಕ್ಕೆ, ಪಾಲಿಸ್ಟರ್ ಟೆರಿಕಾಟ್ ಪ್ಯಾಂಟಿಗೆ, ಮಿರುಗುವ ರೇಯಾನ್ ಕೂಸಿನ ತಲೆಗೆ ಹಾಕುವ ಕುಲಾಯಿಯ ಹೂವಿಗೆ. ಅದಲುಬದಲು ಕೇಳಿದವರಿಗೆ, "ನಿಮ್ಮ ಎತ್ತಿಗೂ ಒಂದು ಪ್ಯಾಂಟ್ ಹೊಲೀಲೇನ್ರಿ?" ಎನ್ನುತ್ತಿದ್ದ. ಎಂಬತ್ತೈದರ ಜೂನಿನಲ್ಲಿ ದುರಗವ್ವ ಮಗಳು ಮಾದೇವಿಯ ಶಾಲೆಯ ಲಂಗ ತಂದು, "ಗಿಡ್ಡ ಆಗೇತ್ರಿ ಅಣ್ಣಾ. ಒಳಗ ಬಟ್ಟಿ ಐತಿ, ಆದ್ರ ನಿಮ್ಮ ಪಾಲಿಸ್ಟರ್ ಹೊಲಿಗಿ ಬಿಚ್ಚಿದ್ರ ಬಟ್ಟೀನೇ ಹರೀತೈತಿ. ಹೊಸಾದು ಹೊಲಸಾಕ ಆಗೂದಿಲ್ಲ, ಮಾದೇವಿನ್ನ ಸಾಲಿ ಬಿಡಸ್ತೀನಿ" ಎಂದಳು. ಮಡಿವಾಳೆಪ್ಪ ಅಂಚಿನ ಒಂದೆಳೆ ಜಗ್ಗಿದ. ಗೇಣುದ್ದ ಬಟ್ಟೆ ಸರಾಗವಾಗಿ ಕೆಳಗಿಳಿಯಿತು. "ಹುಡುಗಿ ಬೆಳಿತಾಳಂತ ಅಂಚಿಗಷ್ಟ ಜಗ್ಗಿದ್ರ ಬಿಚ್ಚಿ ಬರೂವಂಥ ಹತ್ತಿ ದಾರಾ ಹಾಕಿದ್ನಿ. ನಾಳೆ ಸಾಲಿಗೆ ಕಳಸಬೇ."